ಈಕಾರಾಂತದ ಜನ

ಕುಂದಾಪುರದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದೊಂದು ಕೊರಿಯರ್ ಆಫೀಸು ಇದೆ. ಯಾರೋ ಕಳಿಸಿದ್ದನ್ನು ಇನ್ಯಾರಿಗೋ ಮುಟ್ಟಿಸುವ ಕೆಲಸ. ಕಳಿಸುವವರಿಂದ ನನಗೆ ಈವರೆಗೆ ತೊಂದರೆಯಾಗಿಲ್ಲ. ಅವರು ಜೀವಂತ ಇರುತ್ತಾರೆ. ಪಡೆಯುವವರ ವಿಷಯದಲ್ಲಿ ಅಷ್ಟು ಖಾತ್ರಿಯಾಗಿ ಹೇಳಲು ಬರುವುದಿಲ್ಲ.

ಇಂಗ್ಲಿಷಿನವರಿಗೆ ಪಡೆಯುವವರನ್ನು ಒಂದೇ ಹೆಸರಿನಿಂದ ಕರೆದು ಸಮಾಧಾನವಿಲ್ಲ. ಕಾಗದ ಪಡೆದರೆ ಅಡ್ರೆಸೀ. ಸರಕು ಪಡೆದರೆ ಕನ್‌ಸೈನೀ. ಚೆಕ್ಕು ಪಡೆದರೆ ಪೇಯೀ. ಒಬ್ಬರು ಸತ್ತ ಮೇಲೆ ವಿಮೆ ಪಡೆದರೆ ನಾಮಿನೀ. ದಾನ ಪಡೆದರೆ ಡೋನೀ. ನಮ್ಮ ಕುಂದಾಪ್ರ ಕನ್ನಡದಲ್ಲಿ ಇವರೆಲ್ಲರೂ ‘ತಕಂಬರ್’. ಅಲ್ಲಿಗೆ ಮುಗಿಯಿತು.

ಇಂಗ್ಲಿಷಿನ ಈ ಜನ ಹೆಚ್ಚಾಗಿ ಈಕಾರಾಂತ. ಒಬ್ಬರ ಹಿಂದೆ ಒಬ್ಬರನ್ನು ಗಟ್ಟಿಯಾಗಿ ಹೇಳಿ ನೋಡಿ, ಹೊಳೆಯ ಆಚೆ ದಡದಿಂದ ಯಾರೋ ಕೂಗಿ ಕರೆದ ಹಾಗೆ ಕೇಳುತ್ತದೆ. ಅಂಥ ಕೂಗಿಗೆ ಒಂದೇ ಸಲಕ್ಕೆ ಓಗೊಡಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮನುಷ್ಯರಾದರೆ ಇನ್ನೊಮ್ಮೆ ಕರೆಯುತ್ತಾರೆ, ಬೇರೆಯವರಾದರೆ ಕರೆಯುವುದಿಲ್ಲ. ಕೊರಿಯರ್ ಲೈಸೆನ್ಸ್ ತೆಗೆದುಕೊಳ್ಳುವ ದಿನ ಈ ಮಾತು ನನಗೆ ನೆನಪಾಗಲಿಲ್ಲ.

ಕಪಾಟಿನ ಪೆಟ್ಟಿಗೆ

ಮೊನ್ನೆ ಮೊನ್ನೆಯವರೆಗೆ ನನ್ನ ಕಪಾಟಿನಲ್ಲಿ ಅಂಗೈಯಷ್ಟು ದೊಡ್ಡ ಪೆಟ್ಟಿಗೆಯೊಂದಿತ್ತು. ಒಳಗೆ ಓದುವ ಕನ್ನಡಕ. ಮುಂಬೈಯ ಹೋಟೆಲಿನಲ್ಲಿರುವ ಒಬ್ಬರು ಇಲ್ಲಿಯ ತಮ್ಮ ಭಾವನಿಗೆ ಕಳಿಸಿದ್ದು. ಭಾವ ದೋಣಿಯಲ್ಲಿ ಮೀನು ಹಿಡಿಯುವವರು. ಕನ್ನಡಕ ಮುಂಬೈಯಿಂದ ಹೊರಟಾಗ ಅವರಿದ್ದರು, ಕುಂದಾಪುರಕ್ಕೆ ತಲುಪುವಾಗ ಇರಲಿಲ್ಲ.

ಅವರ ಹೆಂಡತಿ ಮಾರ್ಕೆಟಿನಲ್ಲಿ ಮೀನು ಮಾರುವ ಅಕ್ಕ. ಫೋನ್ ಮಾಡಿದಾಗ ಬುಟ್ಟಿಯನ್ನು ಪಕ್ಕದಲ್ಲೇ ಕೂರುವ ನಾದಿನಿಗೆ ಒಪ್ಪಿಸಿ ಆಫೀಸಿಗೆ ಬಂದರು.

“ತಕಣಿ ಅಕ್ಕ, ಇಲ್ಲೊಂದ್ ಸೈನ್ ಹಾಕಿ” ಎಂದೆ.

“ನಂಗೆ ಬಂದದ್ದಾ?”

“ನಿಮ್ಮನಿಯರಿಗೆ ಬಂದದ್ದ್.”

“ಹಾಂಗಾರೆ ಅವ್ರಿಗೇ ಕೊಡಿ.”

ನಾನು ದನಿ ತಗ್ಗಿಸಿದೆ. “ಅವ್ರ್ ಹೋದ್ರಲೆ ಅಕ್ಕ.”

“ಪೂರ್ತಿ ಹೋಯಿಲ್ಲೆ” ಎಂದರು. “ಕಣ್ಣ್ ಇನ್ನೂ ಇತ್ತ್.”

ಮಧ್ಯಾಹ್ನದ ಬಿಸಿಲು ಸುಡುತ್ತಿತ್ತು. ಆದರೂ ನಾನು ಫ್ಯಾನ್ ಆರಿಸಿದೆ.

ವಿಷಯ ಇಷ್ಟೆ. ಗಂಡ ನೇತ್ರದಾನಕ್ಕೆ ಒಪ್ಪಿಗೆ ಕೊಟ್ಟಿದ್ದರು, ಅಕ್ಕ ಅದನ್ನು ನಡೆಸಿಕೊಟ್ಟಿದ್ದರು. ಈಗ ಆ ಕಣ್ಣು ಎಲ್ಲಿದೆಯೋ ಕನ್ನಡಕವೂ ಅಲ್ಲಿಗೇ ಹೋಗಬೇಕು. ಕಾರಣವನ್ನು ಅವರು ಮೂಗಿನ ಮೇಲೆ ಬೆರಳಿಟ್ಟು ತೋರಿಸಿದರು. ಹೊಸ ಮೂಗುಬೊಟ್ಟು.

“ಅವ್ರಿಗ್ ಹತ್ರದ್ದ್ ಎಂತದೂ ಕಾಂತಿರ್ಲಿಲ್ಲೆ. ಇದನ್ನ ಹಾಕ್ಕಂಡ್ ಎದ್ರಿಗೆ ನಿಂತ್ರೆ, ಕನ್ನಡ್ಕ ಬರ್ಲಿ, ಸಮಾ ಕಾಣ್ತೆ ಅಂದ್ರ್. ಈಗ ಎಲ್ಲರೂ ತೆಗಿ ತೆಗಿ ಅಂತ್ರ್. ಅವ್ರ್ ಕಂಡ್ ಮೇಲೆ ತೆಗಿತೆ.”

“ಆದ್ರೆ ಕಣ್ಣ್ ಯಾರಿಗೆ ಹೋಯ್ತ್ ಅಂತ ಆಸ್ಪತ್ರೆಯವ್ರ್ ಹೇಳೂದಿಲ್ಲೆ ಅಕ್ಕ.”

“ಹೇಳೂದ್ ಬ್ಯಾಡ. ನಾನೇ ಹುಡ್ಕ್ತೆ. ಅಲ್ಲಿವರಿಗೆ ಇದ್ ನಿಮ್ಮಲ್ಲೇ ಇರ್ಲಿ.”

ಪಡೆಯುವವರಿಲ್ಲದ ಪೆಟ್ಟಿಗೆಯನ್ನು ಕಳಿಸಿದವರಿಗೆ ಹಿಂತಿರುಗಿಸಬೇಕೆಂಬುದು ನಮ್ಮ ನಿಯಮ. ಹಿಂತಿರುಗಿಸಿದರೆ ಮೂಗುಬೊಟ್ಟನ್ನು ಕಾಣಬೇಕಾದವರು ಕಾಣದೆ ಹೋಗುತ್ತಾರೆ. ಕಂಪ್ಯೂಟರಿನಲ್ಲಿ ‘ಪಡೆಯುವವರು ಸ್ವಲ್ಪ ಸಮಯ ಕೇಳಿದ್ದಾರೆ’ ಎಂದು ಒತ್ತಿದೆ. ಆ ಮಟ್ಟಿಗೆ ಅದು ಸುಳ್ಳಲ್ಲ.

ಅಡ್ರೆಸೀ ಊರಿನಲ್ಲಿಲ್ಲ

ನಮ್ಮ ಡೆಲಿವರಿಯವರು ಹಿಂದೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಗೇಟಿನ ಹೊರಗೆ ನಿಂತು “ಹ್ವಾಯ್” ಎಂದರೆ ಮೂರು ಮನೆಯವರು ಹೊರಗೆ ಬರುತ್ತಾರೆ. ಒಂದು ಸಲ ಬ್ರಹ್ಮಾವರದ ಒಳಗಿನ ಒಂದು ಮನೆಗೆ ರೇಷ್ಮೆ ಸೀರೆಯ ಕಟ್ಟು ತೆಗೆದುಕೊಂಡು ಹೋದರು. ಮೇಲೆ ಒಬ್ಬ ಹೆಂಗಸಿನ ಹೆಸರು. ಹೊರಗೆ ಬಂದದ್ದು ಅವಳ ಅಣ್ಣ, ತಲೆ ಪೂರ್ತಿ ಬೆಳ್ಳಗಾದವರು.

“ಅವ್ರನ್ನ ಒಂಚೂರ್ ಕರೀನಿ. ಕೈಯಗೇ ಕೊಡ್ಕ್.”

“ಕರೂಕಾತ್ತಿಲ್ಲೆ.”

“ಬಚ್ಚಲಗ್ ಮೀತಿದ್ರಾ?”

“ಸತ್ತಿದ್ಲ್.”

“ಯೋ ದೇವ್ರೆ. ಯಾವತ್ತ್?”

“ತೊಟ್ಲಗ್ ಇದ್ದಾಗ.”

“ಮತ್ತೆ ಈ ಸೀರಿ ಎಂತಕೆ?”

“ಮದಿಗೆ.”

ನಮ್ಮ ಕಡೆ ಕೆಲವು ಮನೆತನಗಳಲ್ಲಿ ತೊಟ್ಟಿಲಿನಲ್ಲೇ ತೀರಿಹೋದವರಿಗೂ ವಯಸ್ಸಾಗುತ್ತಾ ಹೋಗುತ್ತದೆ. ಮದುವೆಯ ವಯಸ್ಸು ಮೀರಿದರೆ ಅವರು ಮನೆಯಲ್ಲಿ ತಮ್ಮ ಅಸಮಾಧಾನವನ್ನು ತಿಳಿಸತೊಡಗುತ್ತಾರೆ. ಆಗ ಹಾಗೇ ತೀರಿಹೋದ ಒಬ್ಬ ಗಂಡನ್ನು ಹುಡುಕಿ, ಕುಲಗೋತ್ರ ವಿಚಾರಿಸಿ, ಎರಡು ಮನೆಯವರೂ ಸೇರಿ ಮದುವೆ ಮಾಡುತ್ತಾರೆ. ಈ ಸಂಬಂಧದಲ್ಲಿ ಗಂಡಿನ ಕಡೆಯವರು ಕ್ರಮಕ್ಕೆ ಬಲು ಗಟ್ಟಿ. ಸೀರೆಯನ್ನು ಹೆಣ್ಣಿನ ಹೆಸರಿಗೇ ಕಳಿಸಿದ್ದರು.

ಡೆಲಿವರಿಯವರು ಮೊಬೈಲ್ ತೆಗೆದರು. ಕಟ್ಟು ಕೊಡಲಾಗದಿದ್ದರೆ ಕಾರಣ ಒತ್ತಬೇಕು. ‘ಮನೆಗೆ ಬೀಗ’, ‘ನಿರಾಕರಿಸಿದರು’, ‘ಊರಿನಲ್ಲಿಲ್ಲ’ ಎಂದು ಮೂರೇ ಕಾರಣ. ಮನೆಗೆ ಬೀಗ ಇರಲಿಲ್ಲ. ಹೆಣ್ಣು ನಿರಾಕರಿಸಿರಲಿಲ್ಲ. ಅವರು ಮೂರನೆಯದನ್ನು ಒತ್ತಿದರು. ಮೊಬೈಲು ಮುಂದಿನ ಪ್ರಶ್ನೆ ಕೇಳಿತು.

“ಯಾವತ್ತ್ ಬತ್ರ್ ಅಂತ ಕೇಣ್ತಿತ್ತ್ ಮಾರ್ರೆ.”

ಅಣ್ಣ ಒಳಗೆ ಹೋಗಿ ಪಂಚಾಂಗ ನೋಡಿಕೊಂಡು ಬಂದರು. “ಅಮಾಸಿ ಅಂತ ಹಾಕಿ. ತಪ್ಪ್‌ಸೂದಿಲ್ಲೆ.”

ಅಮಾವಾಸ್ಯೆಯ ದಿನ ಬೆಳಿಗ್ಗೆ, ನಾವಿಬ್ಬರೂ ಚಾ ಕುಡಿಯುತ್ತಿದ್ದಾಗ, ಅವರ ಮೊಬೈಲು ಟಿಣ್ ಎಂದಿತು. ‘ನಿಮ್ಮ ಗ್ರಾಹಕರು ಮನೆಗೆ ಮರಳಿ ನಿಮಗಾಗಿ ಕಾಯುತ್ತಿದ್ದಾರೆ.’

ಅವರು ಲೋಟ ಕೆಳಗಿಟ್ಟು ರಜೆ ಕೇಳಿದರು. ಕಾರಣ ಜ್ವರ ಎಂದರು. ನಾನು ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು.

ನಾಮಿನಿ

ನನ್ನ ಆಫೀಸಿನ ಮಾಳಿಗೆಯಲ್ಲಿ ವಿಮೆಯ ಏಜೆಂಟರೊಬ್ಬರಿದ್ದಾರೆ. ಇದು ಅವರು ಹೇಳಿದ್ದು.

ಸಾಲಿಗ್ರಾಮದ ಕಡೆಯ ಒಬ್ಬ ಅಡುಗೆಯವರು ವಿಮೆ ಮಾಡಿಸಿದರು. ಮನೆಯ ಜಗಲಿಯಲ್ಲಿ ನಿಂತು ಏಜೆಂಟರೊಡನೆ ಫೋನಿನಲ್ಲಿ ಮಾತಾಡುತ್ತಿದ್ದುದು ಒಳಗಿದ್ದ ಹೆಂಡತಿಯ ಕಿವಿಗೆ ಬಿತ್ತು.

“ನಾಮಿನಿ ವಿಷಯ ಮನಿಯಲ್ ಹೇಳ್ಳಿಲ್ಲೆ ಮಾರ್ರೆ… ಒಬ್ಳೇ ಸಾಕ್… ಹೌದ್, ನಾ ಸತ್ರೆ ಎಲ್ಲಾ ನಾಮಿನಿಗೇ.”

ಯಕ್ಷಗಾನದ ಆಟ ನೋಡಿ ಬೆಳೆದ ಹೆಂಗಸು. ಭಾಮಿನಿ, ಕಾಮಿನಿ, ಮೋಹಿನಿಯರು ರಂಗಸ್ಥಳಕ್ಕೆ ಯಾತಕ್ಕೆ ಬರುತ್ತಾರೆಂದು ಬಲ್ಲವರು. ಈ ನಾಮಿನಿ ಮಾತ್ರ ಹೊಸಬಳು. ಬದುಕಿದ ಗಂಡಸಿನಿಂದ ಅವಳಿಗೆ ಏನೂ ಬೇಡ, ಸತ್ತರೆ ಎಲ್ಲವೂ ಬೇಕು. ಇದು ಮನುಷ್ಯ ಹೆಣ್ಣಲ್ಲ ಎಂದು ಅವರಿಗೆ ಅನ್ನಿಸಿದ್ದರಲ್ಲಿ ತಪ್ಪೇನೂ ಇಲ್ಲ. ಗಂಡನಿಗೆ ಹೇಳದೆ ದರ್ಶನದ ದಿನ, ದೈವ ಮೈಮೇಲೆ ಬರುವ ಪಾತ್ರಿಯ ಮುಂದೆ ಕೈ ಮುಗಿದು ನಿಂತರು.

“ನಾಮಿನಿ ಅಂಬುವಳ್ ಯಾರ್? ಎಲ್ಲಿದ್ಲ್?”

ಪಾತ್ರಿ ಬಹಳ ಹೊತ್ತು ನಡುಗಿ, ಆಮೇಲೆ ಮೆಲ್ಲಗೆ ಹೇಳಿದರಂತೆ. “ದೂರ ಇಲ್ಲ. ನಿನ್ನ ಮನೆಯೊಳಗೇ ಇದ್ದಾಳೆ. ನಿನ್ನ ಸೀರೆಯನ್ನೇ ಉಡುತ್ತಾಳೆ. ನಿನ್ನ ಒಲೆಯ ಮುಂದೆಯೇ ಕೂರುತ್ತಾಳೆ. ಅವನ ಉಸಿರು ನಿಂತ ದಿನ ಕೈ ಒಡ್ಡುತ್ತಾಳೆ.”

ಅಲ್ಲಿಂದ ಆ ಮನೆಯಲ್ಲಿ ನೆಮ್ಮದಿ ಇರಲಿಲ್ಲ. ಬೆಲ್ಲದ ಡಬ್ಬಿ ತೆಗೆದರೆ ನಿನ್ನೆಗಿಂತ ಕಡಿಮೆ ಇರುತ್ತಿತ್ತು. ಒಗೆದ ನೆನಪೇ ಇಲ್ಲದ ಸೀರೆಯೊಂದು ಹಗ್ಗದ ಮೇಲೆ ಒದ್ದೆಯಾಗಿ ತೂಗುತ್ತಿತ್ತು. ಕನ್ನಡಿಯ ಮುಂದೆ ನಿಂತರೆ ಎದುರಿಗೆ ಕಾಣುವ ಹೆಂಗಸು ತನಗಿಂತ ಒಂದು ಕ್ಷಣ ತಡವಾಗಿ ಕಣ್ಣು ಮಿಟುಕಿಸಿದ ಹಾಗೆ ಆಗುತ್ತಿತ್ತು.

ಕೊನೆಗೆ ಏಜೆಂಟರು ಒಂದು ಸಹಿಗಾಗಿ ಮನೆಗೇ ಹೋದರು. “ಅಕ್ಕ, ನೀವೂ ಒಂದ್ ಸೈನ್ ಹಾಕ್ಕ್. ನಾಮಿನಿ ನೀವೇ ಅಲ್ದಾ?”

ಅಡುಗೆಯವರ ಹೆಂಡತಿ ಹೊಸ್ತಿಲ ಮೇಲೆ ಕೂತುಬಿಟ್ಟರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

“ಹಾಂಗಾರೆ ಆ ಸೀರಿ ಒಗ್ದದ್ದ್ ನಾನೇಯಾ?”

ಏಜೆಂಟರು ಇದನ್ನು ಹೇಳುವಾಗಲೆಲ್ಲ ಒಂದು ಮಾತು ಸೇರಿಸುತ್ತಾರೆ. ಇಷ್ಟು ವರ್ಷ ವಿಮೆ ಮಾಡಿಸಿದ್ದಾರಂತೆ, ನಾಮಿನಿ ಎಂಬ ಪದದ ಅರ್ಥವನ್ನು ಅಷ್ಟು ಸರಿಯಾಗಿ ಬಿಡಿಸಿ ಹೇಳಿದ್ದನ್ನು ಆ ದೈವದ ಬಾಯಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿಲ್ಲವಂತೆ.

ಏಜೆಂಟರು ಇದನ್ನು ಮೊದಲ ಸಲ ಹೇಳಿದ ದಿನವೇ ಮೀನಿನ ಅಕ್ಕ ಆಫೀಸಿನ ಬಾಗಿಲಲ್ಲಿ ಇಣುಕಿದರು. “ಪೆಟ್ಟಿ ಇತ್ತಲೆ?” ಇದೆ ಎಂದೆ. “ಹುಡ್ಕ್ತಾ ಇದ್ದೆ” ಎಂದು ಹೋದರು. ಮೂಗುಬೊಟ್ಟು ಬಿಸಿಲಿಗೆ ಒಮ್ಮೆ ಮಿನುಗಿತು.

ಕನ್‌ಸೈನೀ ಬಂದಿದ್ದಾರೆ

ಬೈಂದೂರಿನವರೊಬ್ಬರು ಮುಂಬೈಯಲ್ಲಿ ತೀರಿಕೊಂಡರು. ದೇಹವನ್ನು ವಿಮಾನದಲ್ಲಿ ಮಂಗಳೂರಿಗೆ ತರುವುದೆಂದಾಯಿತು. ಅವರ ತಮ್ಮ ನನಗೆ ಪರಿಚಯ. “ಪಾರ್ಸೆಲಿನ ವಿಷಯ ನಿಮ್ಗ್ ಗೊತ್ತಿತ್ತಲೆ, ಒಟ್ಟಿಗ್ ಬನ್ನಿ” ಎಂದರು. ಆಂಬುಲೆನ್ಸಿನಲ್ಲಿ ಡ್ರೈವರ್, ತಮ್ಮ ಮತ್ತು ನಾನು ಹೊರಟೆವು.

ಸರಕಿನ ಕೌಂಟರಿನಲ್ಲಿ ಒಬ್ಬ ಯುವಕ, ಕೆಲಸದಲ್ಲಿ ಅಚ್ಚುಕಟ್ಟಿನವನು. ಕಾಗದ ನೋಡಿ ಕನ್‌ಸೈನೀಯ ಹೆಸರು ಓದಿದ. ಅದು ತೀರಿಕೊಂಡವರದೇ ಹೆಸರು. ಮುಂಬೈಯಲ್ಲಿ ಕಾಗದ ತುಂಬಿದ ಬಂಧುಗಳು, ಕನ್‌ಸೈನೀ ಎಂದರೆ ಪ್ರಯಾಣ ಮಾಡುವವರು ಎಂದುಕೊಂಡಿದ್ದರು. ಯುವಕ ಪೆಟ್ಟಿಗೆಯ ಮೇಲಿನ ಹೆಸರನ್ನು ಇನ್ನೂ ನೋಡಿರಲಿಲ್ಲ.

“ಕನ್‌ಸೈನೀಯೇ ಬಂದು ಸಹಿ ಹಾಕಬೇಕು” ಎಂದ.

“ಬಂದಿದ್ರ್” ಎಂದರು ತಮ್ಮ.

“ಎಲ್ಲಿದ್ದಾರೆ?”

“ನಿಮ್ಮ ಹಿಂದೆ.”

ಯುವಕ ತಿರುಗಿ ನೋಡಿದ. ಪೆಟ್ಟಿಗೆಯ ಮೇಲಿನ ಹೆಸರನ್ನು ಓದಿದ. ಆಮೇಲೆ ಅವನೇ ಹೆಸರು ತಿದ್ದಿ, ಅವನೇ ಎಲ್ಲಿ ಸಹಿ ಎಂದು ತೋರಿಸಿ, ಬಾಗಿಲವರೆಗೆ ಬಂದು ನಮ್ಮನ್ನು ಬೀಳ್ಕೊಟ್ಟ.

ಬರುವಾಗ ಹೆಮ್ಮಾಡಿಯಲ್ಲಿ ಚಾ ಕುಡಿಯಲು ನಿಲ್ಲಿಸಿದೆವು. “ಎಷ್ಟ್ ಚಾ?” ಎಂದು ಹೋಟೆಲಿನವರು ಕೇಳಿದರು. ಅಣ್ಣನ ಜೊತೆ ಪ್ರಯಾಣ ಮಾಡಿ ಅಭ್ಯಾಸವಾಗಿದ್ದ ತಮ್ಮ “ನಾಲ್ಕ್” ಎಂದರು. ತಿದ್ದುವ ಮನಸ್ಸು ನನಗಾಗಲಿಲ್ಲ. ನಾಲ್ಕನೆಯ ಲೋಟವನ್ನು ಆಂಬುಲೆನ್ಸಿನ ಹಿಂದಿನ ಮೆಟ್ಟಿಲ ಮೇಲೆ ಇಟ್ಟೆವು. ಕೈ ತೊಳೆದು ಬಂದು ನೋಡಿದರೆ ಲೋಟ ಖಾಲಿ.

ನಾನು ಡ್ರೈವರನ್ನು ನೋಡಿದೆ. ಡ್ರೈವರ್ ನನ್ನನ್ನು ನೋಡಿದರು. ತಮ್ಮ ಮಾತ್ರ ಲೋಟ ಎತ್ತಿಕೊಂಡು ಬೇಸರದಲ್ಲಿ ಹೇಳಿದರು. “ಸಕ್ರೆ ಹಾಕ್ಬೇಡಿ ಅಂತ ಹೇಳ್ಕಿತ್ತ್. ಅಣ್ಣಂಗೆ ಶುಗರ್ ಇತ್ತ್.”

ಡೋನೀ

ಹೆಡ್ ಆಫೀಸಿನಿಂದ ಕನ್ನಡಕದ ಪೆಟ್ಟಿಗೆಯನ್ನು ಇನ್ನು ಇಟ್ಟುಕೊಳ್ಳುವಂತಿಲ್ಲ, ನಾಳೆ ಹಿಂದಕ್ಕೆ ಕಳಿಸಿ ಎಂದು ತಾಕೀತು ಬಂತು. ಅಕ್ಕನಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಿರುವಾಗ ಅವರೇ ಬಂದರು. ಮುಖದಲ್ಲಿ ಎಂದೂ ಕಾಣದ ಕಳೆ.

“ಸಿಕ್ಕಿತ್ ಅಣ್ಣಾ.”

“ಯಾರ್ ಅಕ್ಕ?”

“ಯಾರ್ ಅಂದ್ರೆ? ದೋಣಿ.”

ನನಗೆ ತಲೆಬುಡ ಗೊತ್ತಾಗಲಿಲ್ಲ. ಅಕ್ಕ ನನ್ನ ಅಜ್ಞಾನಕ್ಕೆ ಮರುಗಿ ಬಿಡಿಸಿ ಹೇಳಿದರು. ಕಣ್ಣು ತೆಗೆದುಕೊಂಡು ಹೋಗಲು ಬಂದವರಲ್ಲಿ ಒಬ್ಬರು ಬೇರೆ ಊರಿನ ಮೇಡಂ ಇದ್ದರಂತೆ. ಈ ಕಣ್ಣು ಎಲ್ಲಿಗೆ ಹೋಗುತ್ತದೆ ಎಂದು ಅಕ್ಕ ಕೇಳಿದ್ದಕ್ಕೆ, “ಡೋನೀಗೆ ಹೋಗುತ್ತೆ. ಯಾವ ಡೋನೀ ಅಂತ ಹೇಳೋ ಹಾಗಿಲ್ಲ” ಎಂದರಂತೆ.

“ನಾನೂ ಒಪ್ದೆ” ಎಂದರು ಅಕ್ಕ. “ಬದ್ಕಿದ್ದಷ್ಟ್ ದಿನವೂ ಅವ್ರ್ ದೋಣ್ಯಗೇ ಇದ್ದದ್ದ್. ಕಣ್ಣ್ ಮತ್ತೆಲ್ಲಿಗ್ ಹೋತ್ತ್?”

ನಾನು ಕುರ್ಚಿ ಹತ್ತಿರ ಎಳೆದುಕೊಂಡು ವಿವರಿಸಿದೆ. ಅದು ಇಂಗ್ಲಿಷ್ ಪದ, ದಾನ ಪಡೆದವರಿಗೆ ಹಾಗೆನ್ನುತ್ತಾರೆ, ಕಣ್ಣಿನ ಮುಂದಿನ ತೆಳ್ಳಗಿನ ಪೊರೆಯನ್ನು ಮಾತ್ರ ಒಬ್ಬ ಮನುಷ್ಯನಿಗೆ ಕೂರಿಸುತ್ತಾರೆ ಎಂದೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು.

“ದೋಣಿ ಅಂದ್ರೆ ಪಡ್ಕಂಡವ್ರ್ ಅಂದೇಳಿಯಾ?”

“ಹೌದ್ ಅಕ್ಕ.”

“ಅದನ್ನೇ ನಾ ಹೇಳ್ತಿಪ್ದ್. ದೋಣಿ ಪಡ್ಕಂಡಿತ್ತ್. ಬನ್ನಿ, ತೋರ್ಸ್‌ತೆ. ಪೆಟ್ಟಿ ತಕಣಿ.”

ಗಂಗೊಳ್ಳಿಯ ಬಂದರಿನಲ್ಲಿ ಮಧ್ಯಾಹ್ನದ ದೋಣಿಗಳು ಒಂದಕ್ಕೊಂದು ಮೈ ತಾಗಿಸಿ ನಿಂತಿದ್ದವು. ಅಕ್ಕ ಒಂದು ನೀಲಿ ದೋಣಿಯ ಮುಂದೆ ನಿಂತರು. ನಮ್ಮ ಕಡೆ ಎಲ್ಲ ದೋಣಿಗೂ ಕಣ್ಣು ಬರೆಯುವುದಿಲ್ಲ. ಇದರ ಮೂತಿಯ ಎರಡೂ ಬದಿಗೆ ಬರೆದಿದ್ದರು. ಬಣ್ಣ ಹೊಸದು. ಎಡಗಣ್ಣು ಬಲಗಣ್ಣಿಗಿಂತ ಚೂರು ಸಣ್ಣ.

“ಬಿಸ್ಲಿಗೆ ಹಾಂಗೇ ಮಾಡ್ತಿದ್ರ್” ಎಂದರು ಅಕ್ಕ. “ಈಗ ಕಾಣಿ.”

ಅವರು ದೋಣಿ ಕಟ್ಟುವ ಧಕ್ಕೆಯ ಮೇಲೆ ಎಡಕ್ಕೆ ನಾಲ್ಕು ಹೆಜ್ಜೆ ನಡೆದರು. ದೋಣಿಯ ಮೂತಿ ಮೆಲ್ಲಗೆ ಎಡಕ್ಕೆ ತಿರುಗಿತು. ಬಲಕ್ಕೆ ನಡೆದರು. ಬಲಕ್ಕೆ ತಿರುಗಿತು. ನೀರಿನ ಸೆಳೆತ ಎಂದು ನಾನು ನನಗೇ ಹೇಳಿಕೊಂಡೆ. ಆಚೀಚೆಯ ದೋಣಿಗಳು ಅಲುಗಲಿಲ್ಲ.

ದೋಣಿಯನ್ನು ನಡೆಸುವ ತಂಡೇಲರು ಮೇಲಿಂದ ಇಣುಕಿದರು. ಅಕ್ಕ ವಿಷಯ ಹೇಳಿದರು. ತಂಡೇಲರು ನಗಲಿಲ್ಲ. ಹೊಸ ಬಣ್ಣ ಹಾಕಿದ್ದು ಅಕ್ಕನ ಗಂಡ ತೀರಿಕೊಂಡ ವಾರವೇ, ಎಡಗಣ್ಣನ್ನು ಮೂರು ಸಲ ಅಳಿಸಿ ಬರೆದರೂ ಹೀಗೇ ಬಂತು ಎಂದರು. ಬಲೆ ಕಟ್ಟುವ ನೂಲು ತೆಗೆದುಕೊಂಡು ಬಗ್ಗಿ, ಕನ್ನಡಕವನ್ನು ದೋಣಿಯ ಮೂತಿಯ ಮೊಳೆಗೆ ಕಟ್ಟಿದರು. ಅಕ್ಕ ಸೆರಗು ಸರಿಮಾಡಿಕೊಂಡು, ಮೂಗು ಒಂದಿಷ್ಟು ಮೇಲೆತ್ತಿ, ಅದರ ಮುಂದೆ ನಿಂತರು. ಫೋಟೋಗೆ ನಿಲ್ಲುವವರ ಹಾಗೆ, ಸುಮ್ಮನೆ. ತಂಡೇಲರೂ ನಾನೂ ಬೇರೆ ಕಡೆ ನೋಡಿದೆವು.

ಆಮೇಲೆ ನನ್ನ ಕೆಲಸ. ತಂಡೇಲರ ಸಹಿ ಪಡೆದೆ. ಪಡೆದವರಿಗೂ ವಿಳಾಸದಾರರಿಗೂ ಏನು ಸಂಬಂಧ ಎಂದು ಮೊಬೈಲು ಕೇಳಿತು.

“ಎಂತ ಹಾಕೂದ್ ಅಕ್ಕ?”

“ದೋಣಿ ಅಂದೇಳಿ ಹಾಕಿ.”

ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಮಾತ್ರ. ದೋಣಿ ಎಂದು ಇಂಗ್ಲಿಷಿನಲ್ಲಿ ಒತ್ತಿದೆ.

ಮರುದಿನ ಹೆಡ್ ಆಫೀಸಿನಿಂದ ಫೋನ್ ಬಂತು. ಲೈಸೆನ್ಸ್ ಹೋಯಿತು ಎಂದೇ ಎತ್ತಿದೆ. “ಸರ್, ಕನ್ನಡಕದ ಪಾರ್ಸೆಲಿನಲ್ಲಿ ನಿಮ್ಮದೊಂದು ಸ್ಪೆಲ್ಲಿಂಗ್ ತಪ್ಪು” ಎಂದಿತು ಒಂದು ಹೆಣ್ಣುದನಿ. “ಡೋನೀಗೆ ಕೊನೆಯಲ್ಲಿ ಎರಡು ಇ ಬರಬೇಕು. ನಾನು ಸರಿ ಮಾಡಿದ್ದೇನೆ. ಬೇರೆ ಬ್ರಾಂಚಿನವರೆಲ್ಲ ‘ಪಕ್ಕದ ಮನೆ’ ಅಂತ ಗೀಚಿಬಿಡುತ್ತಾರೆ ಸರ್. ಸರಿಯಾದ ಪದ ಹಾಕಿದ್ದು ನೀವೊಬ್ಬರೇ.”

ಇಷ್ಟಕ್ಕೆ ಮುಗಿಯಬೇಕಿತ್ತು. ಮೊನ್ನೆ ತಂಡೇಲರು ಆಫೀಸಿಗೆ ಬಂದರು. ಒಂದು ತಕರಾರು ಇತ್ತು.

“ದೋಣಿ ದೂರ ಹೋತಿಲ್ಲೆ ಮಾರ್ರೆ. ಚುಕ್ಕಾಣಿ ಒಂಚೂರ್ ಸಡಿಲ ಬಿಟ್ರೆ ಸಾಕ್, ಮೂತಿ ತಿರುಗ್ಸಿ ಕುಂದಾಪ್ರ ಮಾರ್ಕೆಟ್ ಬದಿಗ್ ಹೊರಡ್ತ್.”

ನಾನು ಮಾರ್ಕೆಟ್ಟಿಗೆ ಹೋಗಿ ಅಕ್ಕನಿಗೆ ಹೇಳಿದೆ. ಅವರು ಬಂಗುಡೆಯ ಮೇಲಿನ ನೊಣ ಅಟ್ಟುತ್ತಾ ಕೇಳಿದರು.

“ಹತ್ರದ್ದ್ ಕಾಂಬು ಕನ್ನಡ್ಕ ಅಲ್ದಾ ಅದ್?” ಎಂದರು. “ದೂರದ್ದ್ ಹ್ಯಾಂಗೆ ಕಾಂತ್ತ್?”

ಪಕ್ಕದ ಬುಟ್ಟಿಯ ನಾದಿನಿಗೆ ಕಾದಿದ್ದ ಅವಕಾಶ ಸಿಕ್ಕಿತು. “ಹಾಂಗಾರೆ ಅಣ್ಣ ಕಂಡಾಯ್ತಲೆ ಅತ್ಗಿ? ಕಂಡ್ ಮೇಲೆ ತೆಗಿತೆ ಅಂದಿದ್ರಿ. ಇನ್ನೂ ಮೂಗಗಿತ್ತಲೆ?”

ಅಕ್ಕ ಮೂಗುಬೊಟ್ಟನ್ನು ಸೆರಗಿನ ತುದಿಯಿಂದ ಒರೆಸಿಕೊಂಡರು.

“ತೆಗ್ದ್ರೆ ನಾಳೆ ಬಂದ್ ಅವ್ರ್ ಎಂತ ಕಾಂಬ್ದ್?”